ಮೊರೊಜೊ: ನಾಳಿನ ಉಡುಪು ಹೊಲಿದಾಕೆ

ದೆಹಲಿ, ಮುಂಬಯಿ, ಹೈದರಾಬಾದ್, ಬೆಂಗಳೂರುಗಳಲ್ಲಿ ಕಾಮಿಕ್ ಕಾನ್ ನಡೆದಾಗ ಮಕ್ಕಳು ತಮ್ಮ ಮೆಚ್ಚಿನ ಪಾತ್ರಗಳ ವೇಷ ಧರಿಸಿ ಹೊರಡುತ್ತಾರೆ. ಕೇಳಿದರೆ 'ಕಾಸ್‌ಪ್ಲೇ' ಎನ್ನುತ್ತಾರೆ. ನಮ್ಮ ಶಾಲಾ ದಿನಗಳ ಛದ್ಮವೇಷ ಸ್ಪರ್ಧೆಯ ಹಾಗೆಯೇ ಕಂಡರೂ ಇದಕ್ಕೆ ಬೇರೆಯೇ ಒಂದು ಇತಿಹಾಸವಿದೆ. ಆ ಇತಿಹಾಸದ ಮೊದಲ ಹೊಲಿಗೆ ಹಾಕಿದವರು ಒಬ್ಬ ಮಹಿಳೆ. ಅವರ ಹೆಸರು ಮರ್ಟಲ್ ರೆಬೆಕಾ ಡಗ್ಲಸ್. ವಿಜ್ಞಾನ ಕಥೆಗಳ ಅಭಿಮಾನಿಗಳಿಗೆ ಅವರು 'ಮೊರೊಜೊ'.

ಮರ್ಟಲ್ ಹುಟ್ಟಿದ್ದು 1904ರ ಜೂನ್ 20ರಂದು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದ್ದ ಅವರಿಗೆ ಎಸ್ಪೆರಾಂಟೊ ಭಾಷೆಯಲ್ಲಿ ಬಹಳ ಆಸಕ್ತಿ. ಲೋಕದ ಜನರೆಲ್ಲ ಪರಸ್ಪರ ಮಾತಾಡಿಕೊಳ್ಳಲು ಒಂದು ಸುಲಭದ ಭಾಷೆ ಇರಲಿ ಎಂದು ಜಾಮೆನ್‌ಹಾಫ್ ಎಂಬ ವೈದ್ಯರು 1887ರಲ್ಲಿ ರೂಪಿಸಿದ ಭಾಷೆ ಅದು. ಮೊರೊಜೊ ಎಂಬ ಹೆಸರೂ ಎಸ್ಪೆರಾಂಟೊ ಅಕ್ಷರಗಳಿಂದ ಕಟ್ಟಿಕೊಂಡದ್ದೇ. ಈ ಭಾಷೆಯ ನಂಟಿನಿಂದಲೇ ಅವರಿಗೆ ಫಾರೆಸ್ಟ್ ಆಕರ್‌ಮನ್ ಎಂಬ ತರುಣನ ಪರಿಚಯವಾಯಿತು. ವಯಸ್ಸಿನಲ್ಲಿ ಅವರಿಗಿಂತ ಹನ್ನೆರಡು ವರ್ಷ ಚಿಕ್ಕವನಾದ ಆತನಿಗೆ ವಿಜ್ಞಾನ ಕಥೆಗಳೆಂದರೆ ಪ್ರಾಣ.

ಆಗ ವಿಜ್ಞಾನ ಕಥೆಗಳ ಓದುಗ ಬಳಗ ಇನ್ನೂ ಎಳೆಯದು. 1926ರಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆ ಆರಂಭಿಸಿ, ಓದುಗರ ಪತ್ರಗಳನ್ನು ವಿಳಾಸದ ಸಮೇತ ಅಚ್ಚು ಹಾಕಿದರು. ಬೇರೆ ಬೇರೆ ಊರಿನ ಓದುಗರು ಒಬ್ಬರಿಗೊಬ್ಬರು ಕಾಗದ ಬರೆಯತೊಡಗಿದರು. ಕಾಗದದಿಂದ ಸ್ನೇಹ, ಸ್ನೇಹದಿಂದ ಸಂಘ ಹುಟ್ಟಿತು. 1934ರಲ್ಲಿ ಗರ್ನ್ಸ್‌ಬ್ಯಾಕ್ ಅವರೇ ಸೈನ್ಸ್ ಫಿಕ್ಷನ್ ಲೀಗ್ ಸ್ಥಾಪಿಸಿದರು. 1936ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಕೆಲವರು ರೈಲು ಹತ್ತಿ ಫಿಲಡೆಲ್ಫಿಯಾದ ಗೆಳೆಯರನ್ನು ಕಂಡು ಬಂದರು. 1937ರ ಜನವರಿಯಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಸುಮಾರು ಇಪ್ಪತ್ತು ಜನ ಸೇರಿ ಸಭೆ ನಡೆಸಿದರು. ಮೊದಲ ಸಮ್ಮೇಳನ ಯಾವುದು ಎಂದು ಈ ಎರಡರ ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ಎರಡು ಕಡೆಯೂ ಸೇರಿದವರಲ್ಲಿ ಹುಡುಗರೇ ಹೆಚ್ಚು.

ಇಂಥ ಹುಡುಗರ ಬಳಗಕ್ಕೆ ಮೂವತ್ತು ದಾಟಿದ ಮೊರೊಜೊ ಬಂದರು. ಬಂದು ಒಂದು ಮೂಲೆಯಲ್ಲಿ ಕೂರಲಿಲ್ಲ. ಲಾಸ್ ಏಂಜಲೀಸ್ ಸಂಘವು 1937ರಲ್ಲಿ ಆರಂಭಿಸಿದ 'ಇಮ್ಯಾಜಿನೇಷನ್!' ಪತ್ರಿಕೆಯ ಕೆಲಸಕ್ಕೆ ಕೈಹಾಕಿದರು. ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿ, ಸೈಕ್ಲೋಸ್ಟೈಲ್ ತೆಗೆದು, ಹಾಳೆ ಜೋಡಿಸಿ ಅಂಚೆಗೆ ಹಾಕುವ ಕಾಲ ಅದು. ಅದೇ ಪತ್ರಿಕೆಯ 1938ರ ಜನವರಿ ಸಂಚಿಕೆಯಲ್ಲಿ ಹದಿನೇಳರ ಹುಡುಗನೊಬ್ಬನ ಮೊದಲ ಕಥೆ ಪ್ರಕಟವಾಯಿತು. ಆ ಹುಡುಗನೇ ಮುಂದೆ ಜಗತ್ಪ್ರಸಿದ್ಧನಾದ ರೇ ಬ್ರಾಡ್ಬರಿ.

1939ರ ಜುಲೈ 2ರಿಂದ 4ರವರೆಗೆ ನ್ಯೂಯಾರ್ಕ್‌ನ ಕ್ಯಾರವಾನ್ ಹಾಲ್‌ನಲ್ಲಿ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನ ನಡೆಯಿತು. ಅದೇ ಊರಿನಲ್ಲಿ ನಾಳಿನ ಜಗತ್ತನ್ನು ತೋರಿಸುವ ದೊಡ್ಡ ವಸ್ತುಪ್ರದರ್ಶನವೂ ನಡೆದಿತ್ತು. ನಾಳಿನ ಬಗ್ಗೆ ಮಾತಾಡುವವರು ನಾಳಿನ ಉಡುಪಿನಲ್ಲೇ ಯಾಕೆ ಹೋಗಬಾರದು? ಮೊರೊಜೊ 'ಥಿಂಗ್ಸ್ ಟು ಕಮ್' ಚಲನಚಿತ್ರವನ್ನೂ ಫ್ರಾಂಕ್ ಪಾಲ್ ಅವರ ಮುಖಪುಟ ಚಿತ್ರಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು, ತಮಗೂ ಆಕರ್‌ಮನ್‌ಗೂ ಭವಿಷ್ಯ ಕಾಲದ ಉಡುಪು ಹೊಲಿದರು. ದೇಶದ ಆ ತುದಿಯಿಂದ ಈ ತುದಿಗೆ ಬಂದ ಇಬ್ಬರೂ ಅದನ್ನು ತೊಟ್ಟು ನಡೆದಾಗ, ಬೀದಿಯ ಮಕ್ಕಳು ಕಾಮಿಕ್ ವೀರರೇ ಎದುರು ಬಂದರೆಂದು ಕೂಗಿದರಂತೆ. ಸುಮಾರು ಇನ್ನೂರು ಜನ ಸೇರಿದ್ದ ಸಭೆಯಲ್ಲಿ ವೇಷ ಧರಿಸಿದ್ದವರು ಇವರಿಬ್ಬರೇ. ಅಂದಿನ ಮುಖ್ಯ ಅತಿಥಿ, ಯಾರ ಚಿತ್ರಗಳನ್ನು ನೋಡಿ ಬಟ್ಟೆ ಕತ್ತರಿಸಿದ್ದರೋ ಅದೇ ಫ್ರಾಂಕ್ ಪಾಲ್!

ಆ ಸಮ್ಮೇಳನದಲ್ಲಿ ದೊಡ್ಡ ಜಗಳವೊಂದು ನಡೆದು, ಆರು ಮಂದಿ ತರುಣರನ್ನು ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳಿಸಲಾಯಿತು. ಆ ಜಗಳದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಹೊಲಿಗೆಯ ಬಗ್ಗೆ ಬರೆದದ್ದು ಕಡಿಮೆ. ಆದರೆ ಉಳಿದು ಬೆಳೆದದ್ದು ಹೊಲಿಗೆಯೇ. ಮರುವರ್ಷ ಷಿಕಾಗೊ ಸಮ್ಮೇಳನದಲ್ಲಿ ವೇಷಧಾರಿಗಳ ಸ್ಪರ್ಧೆಯೇ ನಡೆಯಿತು. ಖಳನಾಯಕ ಮಿಂಗ್‌ನ ವೇಷದಲ್ಲಿ ಬಂದ ಡೇವಿಡ್ ಕೈಲ್ ಮೊದಲ ಬಹುಮಾನ ಪಡೆದರು. ಆ ಉಡುಪನ್ನು ತಯಾರಿಸಿದವರೂ ಒಬ್ಬ ಮಹಿಳೆ, ಲೆಸ್ಲಿ ಪೆರಿ. 1941ರಲ್ಲಿ ಡೆನ್ವರ್ ನಗರದ ಸಮ್ಮೇಳನಕ್ಕೆ ಮೊರೊಜೊ ಕಪ್ಪೆಮೊಗದ ಮುಖವಾಡ ಧರಿಸಿ ಬಂದರು. ಅದನ್ನು ಮಾಡಿಕೊಟ್ಟವರು ಮುಂದೆ ಚಿತ್ರರಂಗದಲ್ಲಿ ಹೆಸರಾದ ರೇ ಹ್ಯಾರಿಹೌಸನ್.

ಆಮೇಲೆ ಮಹಾಯುದ್ಧ. 1942ರಿಂದ ನಾಲ್ಕು ವರ್ಷ ಸಮ್ಮೇಳನಗಳೇ ನಡೆಯಲಿಲ್ಲ. ಆದರೆ ಮೊರೊಜೊ ಮತ್ತು ಆಕರ್‌ಮನ್ 1939ರಲ್ಲಿ ಆರಂಭಿಸಿದ್ದ 'ವಾಯ್ಸ್ ಆಫ್ ದಿ ಇಮ್ಯಾಜಿ-ನೇಷನ್' ಎಂಬ ಓದುಗರ ಪತ್ರಗಳ ಪತ್ರಿಕೆ ನಿಲ್ಲಲಿಲ್ಲ. 1947ರವರೆಗೆ ಅದರ 50 ಸಂಚಿಕೆಗಳು ಬಂದವು. ಜನ ಒಂದೆಡೆ ಸೇರಲಾಗದ ದಿನಗಳಲ್ಲಿ ಅಭಿಮಾನಿಗಳಿಗೆ ಅದೇ ಸಮ್ಮೇಳನ. ದೂರದೂರಿನಲ್ಲಿದ್ದು ಸಂಘ ಕಟ್ಟಿದ ನಮಗೆ ಇದರ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮುಂದೆ ಮೊರೊಜೊ ಈ ಲೋಕದಿಂದ ದೂರ ಸರಿದರು. 1964ರ ನವೆಂಬರ್ 30ರಂದು, ಅರುವತ್ತರ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಆಕರ್‌ಮನ್ ಅವರ ನೆನಪಿಗಾಗಿ ಒಂದು ಪುಸ್ತಿಕೆ ತಂದರು. ಆದರೂ ಬಹುಕಾಲ ಮೊದಲ ವೇಷಧಾರಿ ಎಂಬ ಕೀರ್ತಿ ಆಕರ್‌ಮನ್ ಅವರ ಹೆಸರಿಗೇ ಸಂದಿತು. ಬಟ್ಟೆ ಕಲ್ಪಿಸಿ, ಕತ್ತರಿಸಿ, ಹೊಲಿದು, ತಾವೂ ಉಟ್ಟು ನಡೆದ ಮೊರೊಜೊ, ಅವರ ಗೆಳತಿ ಎಂಬ ಒಂದೇ ಮಾತಿನಲ್ಲಿ ಮುಗಿದುಹೋದರು.

ತಡವಾಗಿಯಾದರೂ ಲೆಕ್ಕ ಸರಿಹೋಯಿತು. ಹಳೆಯ ವರ್ಷಗಳ ಕೃತಿಗಳಿಗೆ ಹಿಂದಿನಿಂದ ಕೊಡುವ ಹ್ಯೂಗೊ ಪ್ರಶಸ್ತಿ 2014ರಲ್ಲಿ 'ಇಮ್ಯಾಜಿನೇಷನ್!' ಪತ್ರಿಕೆಗೆ ಬಂದಾಗ, ಸಂಪಾದಕರ ಸಾಲಿನಲ್ಲಿ ಮೊರೊಜೊ ಹೆಸರಿತ್ತು. ಅವರು ತೀರಿಕೊಂಡು ಆಗ ಐವತ್ತು ವರ್ಷ. ಇಂದು ಅವರನ್ನು ಸಮ್ಮೇಳನ ವೇಷಭೂಷಣದ ತಾಯಿ ಎಂದು ಕರೆಯುತ್ತಾರೆ. ಸಭೆಯಲ್ಲಿ ಮಾತಾಡಿದವರ ಹೆಸರು ವರದಿಯಲ್ಲಿ ತಾನಾಗಿ ಬರುತ್ತದೆ. ಹೊಲಿದವರ, ಟೈಪ್ ಮಾಡಿದವರ, ಅಂಚೆಗೆ ಹಾಕಿದವರ ಹೆಸರನ್ನು ನಾವೇ ನೆನಪಿಟ್ಟು ಬರೆಯಬೇಕು.