ಯಂತ್ರರೂಪ ತಳೆದ ವಿದ್ಯೆ: ಸವಾಯಿ ಜಯಸಿಂಹ

ರಾಜಪುತ್ರ ಅರಸರಲ್ಲಿ ಖಡ್ಗದಿಂದ ಕೀರ್ತಿವಂತರಾದವರು ಬಹುಮಂದಿ. ಸೂರ್ಯನ ನೆರಳನ್ನಳೆದು ಹೆಸರು ಉಳಿಸಿದವನು ಅಂಬೇರದ ಸವಾಯಿ ಜಯಸಿಂಹನು. 1688ರಲ್ಲಿ ಜನಿಸಿ, ಹನ್ನೊಂದರ ಎಳವೆಯಲ್ಲಿಯೇ ಪಟ್ಟವೇರಿ, ಮೊಗಲರ ಸೇವೆಯಲ್ಲಿ ದಂಡಯಾತ್ರೆಗಳನ್ನು ನಡೆಸಿ, 1727ರಲ್ಲಿ ಜಯಪುರವನ್ನು ಸ್ಥಾಪಿಸಿದನು. ಆ ರಾಜಕಾರಣದ ಕಥೆ ಇತಿಹಾಸಕಾರರಿಗಿರಲಿ. ನಮಗೆ ಪ್ರಸ್ತುತವಾದುದು ಅವನ ಜ್ಯೋತಿರ್ಗಣಿತದ ವ್ಯಾಸಂಗ.

ಕೋಷ್ಟಕಗಳ ಲೆಕ್ಕವೂ ಆಕಾಶದಲ್ಲಿ ಕಾಣುವ ಗ್ರಹಸ್ಥಿತಿಯೂ ಒಂದಕ್ಕೊಂದು ತಾಳೆಯಾಗದಿರುವುದನ್ನು ಅವನು ಗಮನಿಸಿದನು. ಪರಿಹಾರವನ್ನು ಸಂಸ್ಕೃತ ಸಿದ್ಧಾಂತಗ್ರಂಥಗಳಲ್ಲಿ ಮಾತ್ರ ಅರಸದೆ, ಸಮರ್ಕಂದದ ಉಲೂಗ್ ಬೇಗನ ಕೋಷ್ಟಕಗಳನ್ನೂ ಪರಿಶೀಲಿಸಿದನು. ವೇದಪಾರಂಗತನಾದ ಜಗನ್ನಾಥ ಪಂಡಿತನು ಅರಸನ ಇಚ್ಛೆಯಂತೆ ಅರಬ್ಬೀ ಪಾರಸೀ ಭಾಷೆಗಳನ್ನು ಕಲಿತು, ಗ್ರೀಕರ ಯೂಕ್ಲಿಡನ ರೇಖಾಗಣಿತವನ್ನೂ ಟಾಲೆಮಿಯ ಖಗೋಳಗ್ರಂಥವನ್ನೂ ಅರಬ್ಬೀ ಪಾಠಗಳಿಂದ ಸಂಸ್ಕೃತಕ್ಕಿಳಿಸಿದನು. ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ನಮ್ಮಂಥವರು ಅರಸನಿಗಿಂತಲೂ ಈ ಪಂಡಿತನಿಗೇ ಹೆಚ್ಚು ಋಣಿಗಳೆಂದು ನನ್ನ ಎಣಿಕೆ. ಆಜ್ಞೆಯನ್ನೀಯುವುದು ಸುಲಭ, ನಡುಪ್ರಾಯದಲ್ಲಿ ಅನ್ಯಲಿಪಿಯ ಅಕ್ಷರ ತಿದ್ದುವುದು ಕಷ್ಟ.

ಈ ಬಹುಶಾಸ್ತ್ರಸಂಗಮವು ಪುಸ್ತಕಗಳಲ್ಲಿಯೇ ಉಳಿಯಲಿಲ್ಲ. ಜಯಪುರದಲ್ಲಿ ಆಳಿಗಿಂತ ಎತ್ತರದ ಲೋಹದ ಯಂತ್ರರಾಜವೊಂದು ತೂಗುತ್ತಿದೆ. ಅದರ ಮೂಲ ಕಲ್ಪನೆ ಗ್ರೀಕರದು. ಬೆಳೆಸಿದವರು ಅರಬ್ಬರು, ಪಾರಸಿಕರು. ಆ ಯಂತ್ರವನ್ನು ಕುರಿತು 1370ರಲ್ಲಿ ಸಂಸ್ಕೃತಗ್ರಂಥ ರಚಿಸಿದವನು ಮಹೇಂದ್ರಸೂರಿಯೆಂಬ ಜೈನಮುನಿ. ಒಂದು ಲೋಹದ ತಟ್ಟೆಯಲ್ಲಿ ಎಷ್ಟು ಜನಾಂಗಗಳ ದುಡಿಮೆ!

ಆದರೆ ಹಿತ್ತಾಳೆಯ ಯಂತ್ರಗಳ ಅಕ್ಷಗಳು ಸವೆದು ಅಳತೆ ತಪ್ಪುವುದನ್ನು ಕಂಡು, ಜಯಸಿಂಹನು ಕಲ್ಲುಗಾರೆಯ ಬೃಹದ್ಯಂತ್ರಗಳತ್ತ ತಿರುಗಿದನು. ದಿಲ್ಲಿ, ಜಯಪುರ, ಮಥುರಾ, ಉಜ್ಜಯಿನಿ, ಕಾಶಿಗಳಲ್ಲಿ ವೇಧಶಾಲೆಗಳೆದ್ದವು. ಜಯಪುರದ ಸಮ್ರಾಟ್ ಯಂತ್ರದ ಎತ್ತರ ಸುಮಾರು 27 ಮೀಟರ್. ಅದರ ಇಳಿಜಾರು ಗೋಡೆಯು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದೆ. ಗೋಡೆಯ ನೆರಳು ಇಕ್ಕೆಲದ ಕಮಾನುಗಳ ಮೇಲೆ ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರಿನಂತೆ ಸರಿಯುವುದನ್ನು ಬರಿಗಣ್ಣಿನಿಂದಲೇ ಕಾಣಬಹುದು. ಸೂರ್ಯಬಿಂಬವು ಬಿಂದುವಲ್ಲವಾದುದರಿಂದ ನೆರಳಿನ ಅಂಚು ಮಸುಕಾಗಿಯೇ ಬೀಳುತ್ತದೆ. ಯಂತ್ರವನ್ನು ಎಷ್ಟು ಹಿಗ್ಗಿಸಿದರೂ ಆ ಮಸುಕು ಅಳಿಯದು.

1727ರಲ್ಲಿ ಅವನು ಜೆಸ್ಯೂಟ್ ಪಾದ್ರಿಯೊಬ್ಬನ ನೇತೃತ್ವದಲ್ಲಿ ಪೋರ್ಚುಗಲ್ಲಿಗೆ ನಿಯೋಗವನ್ನು ಕಳುಹಿಸಿದನು. ಅದು ತಂದ ಫ್ರಾನ್ಸಿನ ಲಾ ಹೀರನ ಕೋಷ್ಟಕಗಳನ್ನು ಆಕಾಶದೊಡನೆ ಹೋಲಿಸಿ, ಚಂದ್ರನ ಸ್ಥಾನದಲ್ಲಿ ಅರ್ಧ ಅಂಶದ ವ್ಯತ್ಯಾಸವನ್ನು ಗುರುತಿಸಿದನು. ಪಡುವಣದಿಂದ ಬಂದುದೆಂದು ತಲೆಬಾಗಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಆದರೆ ತಪ್ಪಿನ ಕಾರಣವು ಅವರ ಯಂತ್ರಗಳ ಸಣ್ಣತನವೆಂದೇ ಅವನು ಭಾವಿಸಿದನು. ದೂರದರ್ಶಕವು ಅವನ ಬಳಿ ಇದ್ದಿತು. ಅದನ್ನು ಅಳೆಯುವ ಉಪಕರಣಕ್ಕೆ ಜೋಡಿಸುವ ಯುರೋಪಿನ ಪದ್ಧತಿ ಇಲ್ಲಿ ನೆಲೆಗೊಳ್ಳಲಿಲ್ಲ. ಅವನ ಜನನಕ್ಕೆ ಒಂದು ವರ್ಷ ಮೊದಲೇ ಪ್ರಕಟವಾಗಿದ್ದ ನ್ಯೂಟನ್ನನ ಮಹಾಗ್ರಂಥದ ತತ್ತ್ವವೂ ಅವನ ಗಣಿತದೊಳಗೆ ಸೇರಲಿಲ್ಲ. ಬಾಗಿಲು ತೆರೆದಿಟ್ಟವನ ಮನೆಗೂ ಬರಬೇಕಾದ ಅತಿಥಿ ಬರಲಿಲ್ಲ.

1743ರಲ್ಲಿ ಅವನು ತೀರಿಕೊಂಡ ಬಳಿಕ ಮಕ್ಕಳು ಸಿಂಹಾಸನಕ್ಕಾಗಿ ಕಾದಾಡಿದರು, ವೇಧಕಾರ್ಯ ಸೊರಗಿತು. ಮಥುರೆಯ ವೇಧಶಾಲೆ ಹೇಳಹೆಸರಿಲ್ಲದಾಯಿತು. ಜಯಪುರದ ಯಂತ್ರಗಳನ್ನು 1901-02ರ ವೇಳೆಗೆ ಗ್ಯಾರೆಟ್ ಎಂಬ ಆಂಗ್ಲ ಎಂಜಿನಿಯರು ಜೀರ್ಣೋದ್ಧಾರ ಮಾಡಿದಾಗ, ಹಳೆಯ ಸಂಸ್ಕೃತಗ್ರಂಥಗಳ ಅರ್ಥ ಬಿಡಿಸಲು ಅವನ ಪಕ್ಕದಲ್ಲಿ ಚಂದ್ರಧರ ಶರ್ಮಾ ಗುಲೇರಿಯೆಂಬ ತರುಣ ಪಂಡಿತನಿದ್ದನು.