ಕೆಂಪು ಮಣಿಗಳ ಮೇಷ್ಟ್ರು

ಪ್ರಾಜೆಕ್ಟ್ ಡೆಮೋ ದಿನ ಕೋಡ್ ಕೈಕೊಟ್ಟರೆ ನಾವು ಮೊದಲು ಹುಡುಕೋದು ಬಗ್ ಎಲ್ಲಿದೆ ಅಂತಲ್ಲ, ಅದನ್ನ ಬರೆದೋರು ಯಾರು ಅಂತ. ಈ ಚಾಳಿ ಬಿಡಿಸೋಕೆ ಒಂದು ಡಬ್ಬಿ ಮಣಿ ಹಿಡಿದು ಆಟ ಆಡಿಸುತ್ತಿದ್ದ ಮೇಷ್ಟ್ರೊಬ್ಬರು ಅಮೆರಿಕದಲ್ಲಿದ್ದರು. ಹೆಸರು ವಿಲಿಯಂ ಎಡ್ವರ್ಡ್ಸ್ ಡೆಮಿಂಗ್. ಅಜೈಲ್ ಮ್ಯಾನಿಫೆಸ್ಟೋ ಬಂದದ್ದು 2001ರಲ್ಲಿ, ಇವರು ತೀರಿಕೊಂಡು ಏಳು ವರ್ಷದ ಮೇಲೆ. ಆದರೂ ಅಜೈಲ್ ತಂಡಗಳ ತರಬೇತಿಯಲ್ಲಿ ಇವರ ಮಣಿ ಆಟವನ್ನು ಇವತ್ತಿಗೂ ಆಡಿಸುತ್ತಾರೆ.

ಹುಟ್ಟಿದ್ದು 1900ರ ಅಕ್ಟೋಬರ್ 14ರಂದು, ಅಯೋವಾ ರಾಜ್ಯದಲ್ಲಿ. ಬೆಳೆದದ್ದು ವಯೋಮಿಂಗ್‌ನ ಪೊವೆಲ್ ಎಂಬ ಊರಲ್ಲಿ, ಕಡುಬಡತನದಲ್ಲಿ. 1921ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪದವಿ (ನಮ್ಮ ಎಲೆಕ್ಟ್ರಿಕಲ್ ಗೆಳೆಯರು ಕಾಲರ್ ಎತ್ತಬಹುದು), 1928ರಲ್ಲಿ ಯೇಲ್‌ನಿಂದ ಪಿಎಚ್‌ಡಿ. ಆಮೇಲೆ ಬೆಲ್ ಲ್ಯಾಬ್ಸ್‌ನ ವಾಲ್ಟರ್ ಶೂಹಾರ್ಟ್ ಅವರ ಒಡನಾಟ. ಯಾವ ಕೆಲಸದಲ್ಲೂ ಫಲಿತಾಂಶ ಒಂದಿಷ್ಟು ಹೆಚ್ಚುಕಮ್ಮಿ ಆಗುತ್ತಲೇ ಇರುತ್ತೆ, ಅದರಲ್ಲಿ ಸಹಜವಾದದ್ದು ಯಾವುದು, ಕಾರಣ ಹುಡುಕಬೇಕಾದದ್ದು ಯಾವುದು ಎಂದು ಬೇರ್ಪಡಿಸುವುದನ್ನು ಡೆಮಿಂಗ್ ಕಲಿತದ್ದು ಅವರಿಂದಲೇ.

1950ರಲ್ಲಿ ಜಪಾನಿನ ಇಂಜಿನಿಯರ್‌ಗಳಿಗೆ ಇದನ್ನೇ ಪಾಠ ಮಾಡಿದರು. ಆ ಉಪನ್ಯಾಸಗಳ ಪುಸ್ತಕದ ಗೌರವಧನ ತಮಗೆ ಬೇಡ ಎಂದರು. ಆ ದುಡ್ಡಿನಿಂದ ಜಪಾನಿನವರು 1951ರಲ್ಲಿ ಡೆಮಿಂಗ್ ಪ್ರಶಸ್ತಿ ಶುರುಮಾಡಿದರು. ತಾಯ್ನಾಡಿನವರು ಇವರತ್ತ ತಿರುಗಿ ನೋಡಿದ್ದು 1980ರಲ್ಲಿ, ಒಂದು ಟಿವಿ ಕಾರ್ಯಕ್ರಮದ ನಂತರ. ಅಷ್ಟೊತ್ತಿಗೆ ಮೇಷ್ಟ್ರಿಗೆ ಎಂಬತ್ತು ಹತ್ತಿರ!

ಆಮೇಲೆ ಶುರುವಾದವು ಅವರ ನಾಲ್ಕು ದಿನಗಳ ಸೆಮಿನಾರ್‌ಗಳು. ಅಲ್ಲಿ ದೊಡ್ಡ ದೊಡ್ಡ ಮ್ಯಾನೇಜರ್‌ಗಳನ್ನು ವೇದಿಕೆಗೆ ಕರೆದು ಕೂಲಿಯಾಳು ಮಾಡುತ್ತಿದ್ದರು. ಡಬ್ಬಿಯಲ್ಲಿ 3200 ಬಿಳಿ ಮಣಿ, 800 ಕೆಂಪು ಮಣಿ. ಐವತ್ತು ಗುಳಿಗಳ ಹಲಗೆ ಅದ್ದಿ ಐವತ್ತು ಮಣಿ ಎತ್ತಬೇಕು. ಗಿರಾಕಿಗೆ ಬೇಕಾದ್ದು ಬಿಳಿ ಮಾತ್ರ, ಕೆಂಪು ಬಂದರೆ ದೋಷ. ಆರು ಜನ ಕೆಲಸಗಾರರು, ಎಣಿಸೋಕೆ ತಪಾಸಣೆಯವರು ಬೇರೆ. ಮೇಲ್ವಿಚಾರಕ ಸ್ವತಃ ಡೆಮಿಂಗ್. ಹೀಗೇ ಅದ್ದಬೇಕು, ಅಲ್ಲಾಡಿಸಬಾರದು, ಸಲಹೆ ಕೊಡಬಾರದು. ಒಬ್ಬನಿಗೆ ಐದು ಕೆಂಪು ಬಂದರೆ ಶಭಾಷ್‌ಗಿರಿ, ಬಡ್ತಿ. ಹದಿನೈದು ಬಂದವನಿಗೆ ಎಲ್ಲರೆದುರು ಮಂಗಳಾರತಿ. ಮುಂದಿನ ಸುತ್ತಿನಲ್ಲಿ ಬಡ್ತಿ ಸಿಕ್ಕವನಿಗೇ ಹೆಚ್ಚು ಕೆಂಪು! ಕೊನೆಗೆ ಕಂಪನಿ ಉಳಿಸಬೇಕೆಂದು ಕಡಿಮೆ ಕೆಂಪು ತಂದ ಮೂವರನ್ನು ಇಟ್ಟುಕೊಂಡು ಉಳಿದ ಮೂವರನ್ನು ಮನೆಗೆ ಕಳಿಸುತ್ತಾರೆ. ಉಳಿದವರಿಗೆ ಡಬಲ್ ಕೆಲಸ. ಆಗಲೂ ಕೆಂಪು ಕಡಿಮೆಯಾಗಲ್ಲ. ಕಂಪನಿ ಬಾಗಿಲು ಹಾಕುತ್ತೆ.

ನೋಡುವವರು ಬಿದ್ದು ಬಿದ್ದು ನಗುತ್ತಿದ್ದರು, ಆಮೇಲೆ ಗ್ರಾಫ್ ಎಳೆದಾಗ ಸುಮ್ಮನಾಗುತ್ತಿದ್ದರು. ಡಬ್ಬಿಯಲ್ಲೇ ಐದಕ್ಕೊಂದು ಕೆಂಪು ಇದ್ದ ಮೇಲೆ ಐವತ್ತಕ್ಕೆ ಹತ್ತರ ಆಸುಪಾಸು ಬರಲೇಬೇಕಲ್ಲ. ಶಭಾಷ್‌ಗಿರಿ, ಬೈಗುಳ, ಬಡ್ತಿ ಎಲ್ಲ ಹೋದದ್ದು ಲಾಟರಿಗೆ. ತಪ್ಪು ಇದ್ದದ್ದು ಡಬ್ಬಿ ತುಂಬಿಸಿದವರಲ್ಲಿ, ಅದನ್ನು ಸರಿಮಾಡುವ ಅಧಿಕಾರವೂ ಅವರಲ್ಲೇ.

ಅಜೈಲ್ ತರಬೇತಿಯಲ್ಲಿ ಚೆಂಡು ದಾಟಿಸುವ ಇನ್ನೊಂದು ಆಟವಿದೆ. ಅಲ್ಲಿ ಪ್ರತಿ ಸುತ್ತಿನ ನಂತರ ತಂಡವೇ ಒಂದು ನಿಮಿಷ ಮಾತಾಡಿಕೊಂಡು ವಿಧಾನ ಬದಲಿಸಬಹುದು, ಸಾಮಾನ್ಯವಾಗಿ ಅಂಕವೂ ಏರುತ್ತೆ. ಈ ಎರಡನ್ನೂ ಒಂದೇ ಮಧ್ಯಾಹ್ನ ಆಡಬೇಕು ಅನ್ನೋದು ನಮ್ಮ ಅಭಿಪ್ರಾಯ. ಬರೀ ಚೆಂಡಿನಾಟ ಆಡಿದರೆ ಪಿಕ್ನಿಕ್ ಆಗುತ್ತೆ. ಬಾಯಿ ಕಟ್ಟಿಸಿಕೊಂಡು ಮಣಿ ಎತ್ತಿದವರಿಗೇ ಆ ಒಂದು ನಿಮಿಷದ ಬೆಲೆ ಗೊತ್ತಾಗೋದು. ಸ್ಪ್ರಿಂಟ್ ಮುಗಿದ ಮೇಲಿನ ರೆಟ್ರೋಸ್ಪೆಕ್ಟಿವ್ ಇರೋದು ಆ ನಿಮಿಷಕ್ಕಾಗಿ. ನಾವು ಅದರಲ್ಲೂ ಯಾರು ತಡ ಮಾಡಿದ್ದು ಅಂತಲೇ ಜಗಳ ಆಡ್ತೀವಿ.

ಡೆಮಿಂಗ್ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ 1946ರಿಂದ ಪಾಠ ಹೇಳಿದರು. ವಿದ್ಯಾರ್ಥಿಗಳಿಗೆ ಗ್ರೇಡ್ ಕೊಟ್ಟು ಸಾಲಾಗಿ ನಿಲ್ಲಿಸುವುದನ್ನು ಕೊನೆವರೆಗೂ ವಿರೋಧಿಸಿದರು (ಇದನ್ನು ನಮ್ಮ ವಿಭಾಗದವರು ಓದಲಿ ಅಂತ ಆಸೆ). 1993ರ ಡಿಸೆಂಬರ್ 20ರಂದು ವಾಷಿಂಗ್ಟನ್‌ನಲ್ಲಿ ತೀರಿಕೊಂಡಾಗ ಅವರಿಗೆ 93 ವರ್ಷ. ಅದೇ ತಿಂಗಳಲ್ಲೂ ಒಂದು ಸೆಮಿನಾರ್ ನಡೆಸಿದ್ದರು.