ಪಿ. ಆರ್. ಪಿಷಾರೋಟಿ: ಕಣ್ಣಿಗೆ ಕಾಣದ್ದನ್ನು ಚಿತ್ರದಲ್ಲಿ ಓದಿದವರು

ದೂರ ಸಂವೇದಿ ಚಿತ್ರಗಳ ಗುಣಲಕ್ಷಣಗಳನ್ನು ವ್ಯಾಖ್ಯೆಯಿಂದ ಆರಂಭಿಸಿದರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪಿಷಾರೋಟಿಯವರ ಜೀವನದಿಂದ ಆರಂಭಿಸಿದರೆ ಆ ಗುಣಗಳು ಯಾರಿಗೆ, ಏಕೆ ಬೇಕು ಎಂಬುದು ತಿಳಿಯುತ್ತದೆ.

ಅವರು 1909ರಲ್ಲಿ ಕೇರಳದ ಕೊಲ್ಲಂಗೋಡಿನಲ್ಲಿ ಜನಿಸಿದರು. ಮದ್ರಾಸಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದಾಗ ರಜೆಯಲ್ಲಿ ಬೆಂಗಳೂರಿಗೆ ಬಂದು ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡುತ್ತಿದ್ದರು. ಮುಂದೆ ಹವಾಮಾನ ಇಲಾಖೆ ಸೇರಿ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಮೊದಲ ನಿರ್ದೇಶಕರಾದರು. ನಿವೃತ್ತಿಯ ವಯಸ್ಸಿನಲ್ಲಿ ವಿಕ್ರಮ್ ಸಾರಾಭಾಯಿ ಅವರ ಕರೆಗೆ ಓಗೊಟ್ಟು ಅಹಮದಾಬಾದಿಗೆ ಹೋದರು. ಅವರ ಹೆಸರು ಉಳಿಸಿದ ಕೆಲಸ ನಡೆದದ್ದು ಆ ಬಳಿಕವೇ.

ಆಗ ಕೇರಳದ ತೆಂಗಿನ ತೋಟಗಳನ್ನು ಬೇರು ಸೊರಗು ರೋಗ ಹಾಳುಮಾಡುತ್ತಿತ್ತು. ಒಂದೊಂದೇ ಮರ ನೋಡುತ್ತ ಹೋಗುವುದು ಮುಗಿಯದ ಕೆಲಸ. 1970ರ ಸುಮಾರಿಗೆ ಪಿಷಾರೋಟಿ ಮತ್ತು ಸಂಗಡಿಗರು ಹೆಲಿಕಾಪ್ಟರಿನಿಂದ ಅವಕೆಂಪು ಬಣ್ಣದ ಫಿಲ್ಮಿನಲ್ಲಿ ತೋಟಗಳ ಚಿತ್ರ ತೆಗೆದರು. ಆರೋಗ್ಯವಂತ ಎಲೆ ಅವಕೆಂಪು ಕಿರಣಗಳನ್ನು ಹೆಚ್ಚು ಪ್ರತಿಫಲಿಸುತ್ತದೆ. ಆದ್ದರಿಂದ ಆ ಫಿಲ್ಮಿನಲ್ಲಿ ಗಾಢ ಕೆಂಪಾಗಿ ಮೂಡುತ್ತದೆ. ರೋಗ ತಗುಲಿದ ಮರದ ಕೆಂಪು ಮಂಕಾಗುತ್ತದೆ. ಭಾರತದಲ್ಲಿ ದೂರ ಸಂವೇದನೆಗೆ ಇದೇ ನಾಂದಿಯಾಯಿತು. ಚಿತ್ರದ ಬೆಲೆ ಅದರ ಅಂದದಲ್ಲಿಲ್ಲ, ಯಾವ ಕಿರಣವನ್ನು ಹಿಡಿದಿದೆ ಎಂಬುದರಲ್ಲಿದೆ ಎಂದು ಅದು ತೋರಿಸಿತು.

1988ರಲ್ಲಿ ಐಆರ್‌ಎಸ್-1ಎ ಉಪಗ್ರಹ ಹಾರಿದ್ದನ್ನೂ ಅವರು ಕಂಡರು. 2002ರಲ್ಲಿ ತೀರಿಕೊಂಡರು.

ಈ ಉಪಗ್ರಹವನ್ನೇ ಹಿಡಿದು ನಮ್ಮ ಜಿಲ್ಲೆಯಲ್ಲಿ ಪಾಠ ಮುಂದುವರಿಸಬಹುದು. ಅದು ನಾಲ್ಕು ತರಂಗ ಪಟ್ಟಿಗಳಲ್ಲಿ ನೋಡುತ್ತಿತ್ತು: ಇದು ವರ್ಣಪಟಲ ಗುಣ. ಅವಕೆಂಪು ಪಟ್ಟಿ ಸೇರಿಸಿದ ಚಿತ್ರದಲ್ಲಿ ಗಂಗಾವತಿಯ ಬೆಳೆದು ನಿಂತ ಭತ್ತ ಕೆಂಪಾಗಿ, ಮುನಿರಾಬಾದಿನ ಜಲಾಶಯ ಕಪ್ಪಾಗಿ ಕಾಣುತ್ತದೆ. ಬೆಳಕಿನ ಏರಿಳಿತವನ್ನು 128 ಹಂತಗಳಲ್ಲಿ ಗುರುತಿಸುತ್ತಿತ್ತು: ಇದು ವಿಕಿರಣ ಗುಣ. 22 ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುತ್ತಿತ್ತು: ಇದು ಕಾಲಿಕ ಗುಣ. ಯಲಬುರ್ಗಾದ ಎರೆಹೊಲ ಬರಿದಾಗಿದ್ದಾಗ ಒಂದು ಚಿತ್ರ, ಜೋಳ ನಿಂತಾಗ ಇನ್ನೊಂದು ಸಿಕ್ಕರೆ ಮಾತ್ರ ಬೆಳೆಯ ಕಥೆ ತಿಳಿಯುತ್ತದೆ. ಅದರ ಒಂದು ಕ್ಯಾಮೆರಾದಲ್ಲಿ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 72.5 ಮೀಟರ್ ಚೌಕ, ಅಂದರೆ ಸುಮಾರು ಒಂದೂಕಾಲು ಎಕರೆ: ಇದು ಪ್ರಾದೇಶಿಕ ಗುಣ.

ಕುಷ್ಟಗಿಯಲ್ಲಿ ಒಂದು ಎಕರೆ ಹೊಲವಿರುವ ರೈತನ ಬೆಳೆ ಒಣಗಿದರೆ ಆ ಚಿತ್ರದಲ್ಲಿ ಅದು ಬೇರೆಯಾಗಿ ಕಂಡೀತೇ? ಪಾಠದ ಕೊನೆಯಲ್ಲಿ ಮಕ್ಕಳಿಗೆ ಈ ಪ್ರಶ್ನೆ ಹಾಕಿರಿ. ಮರದಿಂದ ಮರಕ್ಕೆ ಭೇದ ತಿಳಿಯಲು ಪಿಷಾರೋಟಿಯವರು ತೋಟದ ಮೇಲೆ ತಗ್ಗಿನಲ್ಲಿ ಏಕೆ ಹಾರಬೇಕಾಯಿತು ಎಂಬುದನ್ನು ಅವರೇ ಹೇಳುತ್ತಾರೆ.